ಮೊದಲ ಸಲ ಕ್ರೋಶಾ ಹಾಕುವವರು ಏನು ಹಾಕಬೇಕು? ಹೇರ್‌ಬ್ಯಾಂಡೋ, ಟೋಪಿಯೋ, ಮಫ್ಲರೋ, ಸೀರೆ ಕುಚ್ಚೋ

ತುದಿಯಲ್ಲಿ ಕೊಕ್ಕೆ ಇರುವ ಒಂದೇ ಕಡ್ಡಿಯಿಂದ ನೂಲು ಹೆಣೆಯುವುದು ಕ್ರೋಶಾ. ನನ್ನ ಮೊದಲ ಕ್ರೋಶಾ ಕೆಲಸ ಒಂದು ಮಫ್ಲರ್. ಬೂದು ಬಣ್ಣದ್ದು. ಒಂದೂಕಾಲು ಅಡಿ ಆಗುವಷ್ಟರಲ್ಲಿ ಫೆಬ್ರವರಿ ಮುಗಿಯಿತು. ಚಳಿ ಹೋಯಿತು, ಉಮೇದೂ ಹೋಯಿತು. ಎರಡು ವರ್ಷ ಅದು ಬೀರುವಿನ ಮೇಲೆ ಒಂದು ಚೀಲದಲ್ಲಿ ಬಿದ್ದಿತ್ತು. ಕೊನೆಗೆ ಅಮ್ಮ "ದಪ್ಪಗಿದೆ, ಸುಮ್ನೆ ಯಾಕೆ ಹಾಳು ಮಾಡ್ತೀಯ" ಎಂದು ಅದನ್ನೇ ಮಸಿಬಟ್ಟೆ ಮಾಡಿಕೊಂಡರು. ಕಾದ ಬಾಣಲೆ ಹಿಡಿದ ಮೊದಲ ದಿನವೇ ಅದು ಕರಗಿ ಬಾಣಲೆಯ ಕಿವಿಗೆ ಅಂಟಿಕೊಂಡಿತು. ನಾವು ಉಲ್ಲನ್ ಉಲ್ಲನ್ ಎಂದು ತರುವ ನೂಲಿನಲ್ಲಿ ಬಹುಪಾಲು ಅಕ್ರಿಲಿಕ್. ಅದು ಉಣ್ಣೆಯಲ್ಲ, ಪ್ಲಾಸ್ಟಿಕ್ ಜಾತಿಯದು. ಬಿಸಿ ತಗುಲಿದರೆ ಕರಗುತ್ತದೆ.

ಆ ಬಾಣಲೆ ಉಜ್ಜುವಾಗ ನನಗೆ ಎರಡು ತಪ್ಪು ಗೊತ್ತಾದವು. ನೂಲು ಯಾವುದು ಎಂದು ನೋಡಿರಲಿಲ್ಲ, ಅದು ಒಂದು. ಇನ್ನೊಂದು ದೊಡ್ಡದು. "ಮೊದಲು ಮಫ್ಲರ್ ಹಾಕು, ಅದೇ ಸುಲಭ" ಎಂದು ಎಲ್ಲರೂ ಹೇಳಿದ್ದನ್ನು ನಂಬಿದ್ದೆ. ಮಫ್ಲರಿನ ಸ್ಟಿಚ್ ಸುಲಭ, ನಿಜ. ಆದರೆ ಮುಗಿಸುವುದು ಸುಲಭವಲ್ಲ. ಮುಗಿಸಿದರೂ ನಮ್ಮ ಊರಲ್ಲಿ ಅದನ್ನು ಹಾಕಿಕೊಳ್ಳುವ ದಿನ ಎಷ್ಟು? ಬೆಂಗಳೂರಲ್ಲಿ ಡಿಸೆಂಬರ್, ಜನವರಿಯ ಬೆಳಗ್ಗೆ 15-16 ಡಿಗ್ರಿ ಇರುತ್ತದೆ. ಹತ್ತು ಗಂಟೆಗೆ ಬಿಸಿಲು ಏರಿದರೆ ಮಫ್ಲರ್ ಕೈಗೆ ಬರುತ್ತದೆ, ಆಮೇಲೆ ಆಟೋದಲ್ಲಿ ಮರೆತು ಹೋಗುತ್ತದೆ.

ಅದಕ್ಕೇ ಈಗ ಯಾರಾದರೂ ಕೇಳಿದರೆ ಸ್ಟಿಚ್ ಎಷ್ಟು ಸುಲಭ ಎಂದು ನಾನು ನೋಡುವುದಿಲ್ಲ. ಎಷ್ಟು ದಿನಕ್ಕೆ ಮುಗಿಯುತ್ತದೆ, ಮುಗಿದ ಮೇಲೆ ವಾರಕ್ಕೆ ಎಷ್ಟು ಸಲ ಮೈಮೇಲೆ ಬರುತ್ತದೆ, ಈ ಎರಡನ್ನೇ ಕೇಳುತ್ತೇನೆ.

ಮೊದಲು ಲೆಕ್ಕ ಹಾಕಿ

5 ಮಿ.ಮೀ. ಕಡ್ಡಿ, ಅದಕ್ಕೆ ತಕ್ಕ ದಪ್ಪ ನೂಲು ಹಿಡಿದರೆ ನನ್ನ ಕೈಗೆ 10 ಸೆಂ.ಮೀ. ಅಗಲಕ್ಕೆ ಸುಮಾರು 14-15 ಸಿಂಗಲ್ ಕ್ರೋಶಾ ಬರುತ್ತವೆ. (ಸಿಂಗಲ್ ಅಂದರೆ ಗಿಡ್ಡ ಸ್ಟಿಚ್. ಹಾಫ್ ಡಬಲ್ ಅದಕ್ಕಿಂತ ಎತ್ತರ, ಡಬಲ್ ಇನ್ನೂ ಎತ್ತರ. ಹಾಕುವುದು ಹೇಗೆಂದು ಕೊನೆಯಲ್ಲಿ ಹೇಳಿದ್ದೇನೆ.) ಎತ್ತರಕ್ಕೆ 16 ಸಾಲು. ಕೈ ಬಿಗಿ ಇದ್ದರೆ ಜಾಸ್ತಿ, ಸಡಿಲ ಇದ್ದರೆ ಕಡಿಮೆ.

ಈ ಲೆಕ್ಕದಲ್ಲಿ 15 ಸೆಂ.ಮೀ. ಅಗಲ, ಒಂದೂವರೆ ಮೀಟರ್ ಉದ್ದದ ಮಫ್ಲರಿಗೆ 22 ಸ್ಟಿಚ್‌ನ 240 ಸಾಲು. ಅಂದರೆ 5,280 ಸ್ಟಿಚ್! 9 ಸೆಂ.ಮೀ. ಅಗಲದ ಹೇರ್‌ಬ್ಯಾಂಡಿಗೆ ಸಾವಿರ ಸ್ಟಿಚ್ ಸಾಕು. ದುಂಡಗೆ ಹಾಕುವ ದೊಡ್ಡವರ ಟೋಪಿ ಹಾಫ್ ಡಬಲ್‌ನಲ್ಲಿ ಸುಮಾರು 1,400ಕ್ಕೆ ಮುಗಿಯುತ್ತದೆ. ಸ್ಕ್ರಂಚಿ, ಅಂದರೆ ಜಡೆಗೆ ಹಾಕುವ ನೆರಿಗೆಯ ರಬ್ಬರ್‌ಬ್ಯಾಂಡ್, ಇನ್ನೂರರೊಳಗೆ. ಹೊಸಬರು ನಿಮಿಷಕ್ಕೆ ಐದಾರು ಸ್ಟಿಚ್ ಹಾಕಿದರೆ ಹೆಚ್ಚು. ಹಾಗಾಗಿ ಸ್ಕ್ರಂಚಿ ಒಂದು ಸಂಜೆಯ ಕೆಲಸ. ಹೇರ್‌ಬ್ಯಾಂಡ್ ಒಂದು ಶನಿವಾರ, ಭಾನುವಾರದ್ದು. ಮಫ್ಲರ್ ದಿನಕ್ಕೆ ಅರ್ಧ ಗಂಟೆಯಂತೆ ಒಂದು ತಿಂಗಳು ಹಿಡಿಯುತ್ತದೆ. ಮಧ್ಯೆ ಬಿಚ್ಚಿ ಹಾಕುವುದನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.

ಸ್ಕ್ರಂಚಿ ಮತ್ತು ಹೇರ್‌ಬ್ಯಾಂಡ್

ಸ್ಕ್ರಂಚಿಯದು ಬೇಗ ಹೇಳಿ ಮುಗಿಸುತ್ತೇನೆ. ಅಂಗಡಿಯಲ್ಲಿ ಸಿಗುವ ಮಾಮೂಲಿ ರಬ್ಬರ್‌ಬ್ಯಾಂಡ್, ಬಟ್ಟೆ ಸುತ್ತಿದ್ದು, ತೆಗೆದುಕೊಳ್ಳಿ. ಅದರ ಸುತ್ತ ಒತ್ತಾಗಿ ಸಿಂಗಲ್ ಕ್ರೋಶಾ ಹಾಕಿ. ಮುಂದಿನ ಸುತ್ತಲ್ಲಿ ಪ್ರತಿ ಸ್ಟಿಚ್‌ಗೆ ಮೂರು ಡಬಲ್ ಕ್ರೋಶಾ. ಅಷ್ಟೆ, ತಾನಾಗಿ ನೆರಿಗೆ ಕಟ್ಟುತ್ತದೆ. 20-25 ಗ್ರಾಂ ನೂಲು ಸಾಕು. ಸ್ಟಿಚ್ ಏರುಪೇರಾದರೂ ನೆರಿಗೆಯಲ್ಲಿ ಮುಚ್ಚಿಹೋಗುತ್ತದೆ. ಹೊಸಬರಿಗೆ ಇದು ವರ. ಇದರಿಂದ ಕಲಿಯುವುದು ಮಾತ್ರ ಕಡಿಮೆ. ಸಾಲು ತಿರುಗಿಸುವುದು, ಅಂಚು ನೇರ ಇಡುವುದು, ಇವೆರಡೂ ಇದರಲ್ಲಿ ಬರುವುದೇ ಇಲ್ಲ.

ನನ್ನ ಮಾತು ಕೇಳುವುದಾದರೆ ಹೇರ್‌ಬ್ಯಾಂಡ್‌ನಿಂದ ಶುರು ಮಾಡಿ. ಕಾಟನ್ ನೂಲಲ್ಲಿ. ಕ್ರೋಶಾದ ಮುಖ್ಯ ಪಾಠಗಳೆಲ್ಲ ಆ ಒಂದು ಪಟ್ಟಿಯಲ್ಲಿವೆ. 13 ಸ್ಟಿಚ್ ಅಗಲ, ಪ್ರತಿ ಸ್ಟಿಚ್‌ನ ತಲೆಯಲ್ಲಿ ಕಾಣುವ ಎರಡು ಕುಣಿಕೆಗಳಲ್ಲಿ ಹಿಂಬದಿಯದಕ್ಕೆ ಮಾತ್ರ ಕಡ್ಡಿ ಹಾಕುತ್ತ ಹೋಗಬೇಕು. ಆಗ ಗೀರು ಗೀರಾಗಿ ಮೂಡಿ, ಉದ್ದಕ್ಕೆ ಎಳೆದರೆ ಹಿಗ್ಗುತ್ತದೆ. ಕಾಟನ್ ನೂಲು ತಾನಾಗಿ ಹಿಗ್ಗುವುದಿಲ್ಲ, ಆ ಕೆಲಸವನ್ನು ಈ ಗೀರುಗಳು ಮಾಡುತ್ತವೆ. ದೊಡ್ಡವರ ತಲೆ ಸುತ್ತಳತೆ ಸಾಮಾನ್ಯವಾಗಿ 54ರಿಂದ 57 ಸೆಂ.ಮೀ. ಪಟ್ಟಿ 48-50 ಸೆಂ.ಮೀ. ಆದಾಗ ನಿಲ್ಲಿಸಿ, ತುದಿಗಳನ್ನು ಹೊಲಿಯಿರಿ. ತಲೆಯಷ್ಟೇ ಉದ್ದ ಮಾಡಿದರೆ ಎರಡು ಸಲ ಹಾಕಿಕೊಳ್ಳುವಷ್ಟರಲ್ಲಿ ಸಡಿಲವಾಗಿ ಕಣ್ಣಿನ ಮೇಲೆ ಇಳಿಯುತ್ತದೆ.

ಹೊಸಬರಿಗೆಲ್ಲ ಆಗುವ ಒಂದು ತೊಂದರೆ ಇದೆ. 13 ಸ್ಟಿಚ್‌ನಿಂದ ಶುರುವಾದದ್ದು ಇಪ್ಪತ್ತನೇ ಸಾಲಿಗೆ ಹತ್ತಾಗಿರುತ್ತದೆ. ಪಟ್ಟಿ ನೋಡಿದರೆ ಕಡಲೆಕಾಯಿ ಪೊಟ್ಟಣದ ಹಾಗೆ ಚೂಪಾಗುತ್ತ ಹೋಗುತ್ತದೆ. ಸಾಲಿನ ಕೊನೆಯ ಸ್ಟಿಚ್ ಮುದುರಿ ಅಡಗಿರುತ್ತದೆ, ಅದನ್ನು ಬಿಟ್ಟುಬಿಡುತ್ತೇವೆ. ಮೊದಲ ಮತ್ತು ಕೊನೆಯ ಸ್ಟಿಚ್‌ಗೆ ಒಂದೊಂದು ಸೇಫ್ಟಿ ಪಿನ್ ಸಿಕ್ಕಿಸಿಕೊಳ್ಳಿ. ಪ್ರತಿ ಸಾಲಿಗೂ ಪಿನ್ ಮೇಲಕ್ಕೆ ಜರುಗಿಸಿ. ಮೊದಲ ಹತ್ತು ಸಾಲು ಎಣಿಸಿ ಹಾಕಿದರೆ ಆಮೇಲೆ ಕಣ್ಣಿಗೇ ಗೊತ್ತಾಗುತ್ತದೆ. ಮಫ್ಲರಿನಲ್ಲಿ ಇದೇ ತಪ್ಪು ನೂರನೇ ಸಾಲಲ್ಲಿ ಗೊತ್ತಾದರೆ ಅಳು ಬರುತ್ತದೆ. ಹೇರ್‌ಬ್ಯಾಂಡಲ್ಲಿ ಗೊತ್ತಾದರೆ ಬಿಚ್ಚಿ, ಕಾಫಿ ಕುಡಿದು ಮತ್ತೆ ಹಾಕಬಹುದು.

ಟೋಪಿ

ಟೋಪಿಗೆ ಎರಡು ದಾರಿ. ಒಂದು, ನೆತ್ತಿಯಿಂದ ಶುರು ಮಾಡಿ ದುಂಡಗೆ ಇಳಿಯುವುದು. ಇನ್ನೊಂದು, ಹೇರ್‌ಬ್ಯಾಂಡಿನ ಹಾಗೇ ಅಗಲವಾದ ಪಟ್ಟಿ ಹಾಕಿ, ಬದಿ ಹೊಲಿದು, ಮೇಲಿನ ಬಾಯನ್ನು ದಾರದಿಂದ ಬಿಗಿದು ಮುಚ್ಚುವುದು. ಎರಡನೆಯದಕ್ಕೆ ಸ್ಟಿಚ್ ಜಾಸ್ತಿ, ತಲೆನೋವು ಕಡಿಮೆ. ಹೇರ್‌ಬ್ಯಾಂಡ್ ಮುಗಿಸಿದವರಿಗೆ ಅದರಲ್ಲಿ ಹೊಸದೇನೂ ಇಲ್ಲ. 25 ಸೆಂ.ಮೀ. ಅಗಲ, 48 ಸೆಂ.ಮೀ. ಉದ್ದ ಸಾಕು.

ದುಂಡಗೆ ಹಾಕುವುದು ಚಂದ, ಆದರೆ ಅದಕ್ಕೆ ಲೆಕ್ಕ ಬೇಕು. ಸಿಂಗಲ್ ಕ್ರೋಶಾ ಆದರೆ ಆರರಿಂದ ಶುರು ಮಾಡಿ, ಪ್ರತಿ ಸುತ್ತಿಗೆ ಆರು ಹೆಚ್ಚಿಸಬೇಕು. ಹಾಫ್ ಡಬಲ್ ಆದರೆ ಎಂಟೆಂಟು, ಡಬಲ್ ಆದರೆ ಹನ್ನೆರಡು. ಹೆಚ್ಚಿಸಿದ್ದು ಜಾಸ್ತಿಯಾದರೆ ಅಂಚು ಹಪ್ಪಳದ ಹಾಗೆ ಅಲೆಯಲೆಯಾಗುತ್ತದೆ. ಕಡಿಮೆಯಾದರೆ ಬಟ್ಟಲಾಗುತ್ತದೆ. ಎಲ್ಲಿಗೆ ನಿಲ್ಲಿಸಬೇಕು? ತಲೆ ಸುತ್ತಳತೆಯನ್ನು 3.14ರಿಂದ ಭಾಗಿಸಿ. 54 ಸೆಂ.ಮೀ. ತಲೆಗೆ ಸುಮಾರು 17 ಬರುತ್ತದೆ. ಟೋಪಿ ಸ್ವಲ್ಪ ಬಿಗಿ ಇರಬೇಕಲ್ವಾ, ಹಾಗಾಗಿ ನೆತ್ತಿಯ ಬಿಲ್ಲೆ 16 ಸೆಂ.ಮೀ. ಅಗಲವಾದಾಗ ಹೆಚ್ಚಿಸುವುದನ್ನು ಬಿಟ್ಟು ನೇರ ಇಳಿಯಿರಿ. ಶಾಲೆಯಲ್ಲಿ ಕಲಿತ ಈ ಲೆಕ್ಕ ಮೊದಲ ಸಲ ನನ್ನ ತಲೆಗೆ ಸರಿಯಾಗಿ ಕೂತದ್ದು ಟೋಪಿ ಹಾಕುವಾಗಲೇ.

ಮನೆಯಲ್ಲಿ ಬಾಣಂತಿ ಇದ್ದರೆ ಎಲ್ಲರ ಕಣ್ಣು ಕುಲಾವಿಯ ಮೇಲೆ. ಚಿಕ್ಕದು, ಬೇಗ ಮುಗಿಯುತ್ತದೆ, ಮುದ್ದಾಗಿರುತ್ತದೆ. ಆದರೆ ಹುಟ್ಟಿದ ಮಗುವಿನ ತಲೆ ಸುತ್ತಳತೆ 34-35 ಸೆಂ.ಮೀ. ಇರುತ್ತದೆ, ವರ್ಷ ತುಂಬುವಾಗ 45ರ ಹತ್ತಿರ ಬಂದಿರುತ್ತದೆ. ನಿಮ್ಮ ಕೈ ನಿಧಾನ ಅಂದರೆ ಕುಲಾವಿ ಮುಗಿಯುವಾಗ ತಲೆಯೇ ಮುಂದೆ ಹೋಗಿರುತ್ತದೆ. ಆರು ತಿಂಗಳ ಮಗುವಿನ ಅಳತೆಗೇ, ಅಂದರೆ 42-43 ಸೆಂ.ಮೀ.ಗೆ, ಹಾಕಿ ಇಟ್ಟುಬಿಡಿ. ಮೃದುವಾದ ಕಾಟನ್ ಇರಲಿ. ಗುಂಡಿ, ಮಣಿ, ಕತ್ತಿಗೆ ಕಟ್ಟುವ ಉದ್ದ ದಾರ ಬೇಡವೇ ಬೇಡ. ಬೂಸು ಉದುರುವ ನೂಲೂ ಬೇಡ, ಮಗು ಬಾಯಿಗೆ ಹಾಕಿಕೊಳ್ಳುತ್ತದೆ. ಮಲಗಿಸುವಾಗ ಟೋಪಿ ತೆಗೆಯಬೇಕು ಎಂದು ಮಕ್ಕಳ ಡಾಕ್ಟರುಗಳು ಹೇಳುತ್ತಾರೆ. ಮಗು ತನ್ನ ಮೈಯ ಬಿಸಿಯನ್ನು ಹೊರಗೆ ಬಿಡುವುದು ಬಹಳಮಟ್ಟಿಗೆ ತಲೆಯಿಂದಲೇ. ಅಜ್ಜಿಯಂದಿರು ಇದನ್ನು ಒಪ್ಪುವುದಿಲ್ಲ. ನಮ್ಮ ಮನೆಯಲ್ಲೂ ಒಪ್ಪಲಿಲ್ಲ. ಅಜ್ಜಿ ನಿದ್ದೆ ಹೋದ ಮೇಲೆ ನಾವು ಮೆಲ್ಲಗೆ ತೆಗೆಯುತ್ತಿದ್ದೆವು.

ಮಫ್ಲರ್ ಬೇಕೇ ಬೇಕು ಅನ್ನುವವರಿಗೆ

ಮಡಿಕೇರಿಯಲ್ಲೋ ಚಿಕ್ಕಮಗಳೂರಿನಲ್ಲೋ ಇದ್ದರೆ ನಾನು ಹೇಳಿದ್ದು ಅಷ್ಟು ಅನ್ವಯಿಸುವುದಿಲ್ಲ. ಟೊರಾಂಟೊ, ಶಿಕಾಗೋದಲ್ಲಿರುವ ಅಕ್ಕನಿಗೋ ತಮ್ಮನಿಗೋ ಕಳಿಸುವುದಾದರೆ ಖಂಡಿತ ಹಾಕಿ. ಆದರೆ ಸಿಂಗಲ್ ಕ್ರೋಶಾ ಬೇಡ. ಡಬಲ್ ಕ್ರೋಶಾದ ಒಂದು ಸಾಲು ಸಿಂಗಲ್‌ನ ಎರಡು ಸಾಲಿನಷ್ಟು ಎತ್ತರ, ಆ 5,280 ಸ್ಟಿಚ್ ಅರ್ಧಕ್ಕೆ ಇಳಿಯುತ್ತದೆ. ಬಟ್ಟೆಯೂ ಮೆದುವಾಗಿ ಬೀಳುತ್ತದೆ. ಸಿಂಗಲ್‌ನ ಮಫ್ಲರ್ ಕತ್ತಿಗೆ ರಟ್ಟು ಸುತ್ತಿದ ಹಾಗಿರುತ್ತದೆ. ನೂಲು 150ರಿಂದ 200 ಗ್ರಾಂ ಇಟ್ಟುಕೊಳ್ಳಿ.

ಮಫ್ಲರಿನ ಆಸೆಯೂ ಇದೆ, ಸಹನೆಯೂ ಇಲ್ಲ ಅನ್ನುವವರಿಗೆ ಕೌಲ್ ಇದೆ. ತುದಿಗಳನ್ನು ಸೇರಿಸಿ ಕತ್ತಿಗೆ ಬಳೆಯ ಹಾಗೆ ಹಾಕಿಕೊಳ್ಳುವ ಗಿಡ್ಡ ಮಫ್ಲರ್ ಅದು. ಅರ್ಧ ನೂಲು, ಅರ್ಧ ಕೆಲಸ. ಸ್ಕೂಟರಲ್ಲಿ ಹೋಗುವವರಿಗೆ ಇನ್ನೂ ವಾಸಿ, ಏಕೆಂದರೆ ಚಕ್ರಕ್ಕೆ ಸಿಕ್ಕಿಕೊಳ್ಳಲು ತುದಿಯೇ ಇರುವುದಿಲ್ಲ.

ತ್ರಿಕೋನದ ಶಾಲು ಮೂರು ಸ್ಟಿಚ್‌ನಿಂದ ಶುರುವಾಗಿ ದೊಡ್ಡದಾಗುತ್ತ ಹೋಗುತ್ತದೆ. ಅದರ ಗುಣ ಏನೆಂದರೆ, ಎಲ್ಲಿ ಬೇಕಾದರೂ ನಿಲ್ಲಿಸಬಹುದು. ನೂಲು ಮುಗಿದರೆ ಕತ್ತಿಗೆ ಕಟ್ಟುವ ಸ್ಕಾರ್ಫ್, ಉಳಿದರೆ ಹೆಗಲಿಗೆ ಹೊದೆಯುವ ಶಾಲು. ಸಾಲು ಸಾಲಿಗೂ ಉದ್ದವಾಗುವುದರಿಂದ ಕೊನೆಕೊನೆಗೆ ಒಂದು ಸಾಲಿಗೆ ಒಂದು ಧಾರಾವಾಹಿ ಎಪಿಸೋಡ್ ಹಿಡಿಯುತ್ತದೆ, ಅಷ್ಟೆ.

ಸೀರೆ ಕುಚ್ಚು

ಇದನ್ನು ಇಲ್ಲಿ ಯಾಕೆ ಸೇರಿಸಿದೆ ಅಂದರೆ, ನಮ್ಮ ಕಡೆ ಕ್ರೋಶಾ ಕಡ್ಡಿ ಕೊಳ್ಳುವ ಎಷ್ಟೋ ಹೆಂಗಸರು ಕೊಳ್ಳುವುದೇ ಕುಚ್ಚಿಗಾಗಿ. ಟೇಲರ್ ಅಂಗಡಿಯಲ್ಲಿ "ಫಾಲ್, ಜಿಗ್‌ಜಾಗ್, ಕುಚ್ಚು" ಎಂದು ಒಟ್ಟಿಗೇ ಕೇಳುತ್ತಾರೆ. ಬರೀ ಗಂಟು ಹಾಕುವ ಕುಚ್ಚು ಬೇರೆ, ಕ್ರೋಶಾ ಕುಚ್ಚು ಬೇರೆ. ಕ್ರೋಶಾ ಕುಚ್ಚಿನಲ್ಲಿ ಸೆರಗಿನ ಅಂಚಿಗೆ ಸಣ್ಣ ಸ್ಟೀಲ್ ಕಡ್ಡಿಯಿಂದ ಚೈನ್ (ಸರಪಳಿಯ ಹಾಗೆ ಸಾಲಾಗಿ ಹಾಕುವ ಕುಣಿಕೆ) ಮತ್ತು ಡಬಲ್ ಕ್ರೋಶಾದ ಕಮಾನು ಕಟ್ಟಿ, ಮಧ್ಯೆ ಮಣಿ ಪೋಣಿಸಿ, ಕೊನೆಗೆ ಕುಚ್ಚು ಇಳಿಬಿಡುತ್ತಾರೆ. ಸ್ಟಿಚ್ ಅದೇ, ಅಳತೆ ಮಾತ್ರ ಬೇರೆ. ಉಲ್ಲನ್‌ಗೆ 4-5 ಮಿ.ಮೀ. ಕಡ್ಡಿಯಾದರೆ ಇದಕ್ಕೆ ಒಂದು ಮಿ.ಮೀ. ಆಸುಪಾಸಿನದು.

ಇದನ್ನು ಮೊದಲ ಕೆಲಸವಾಗಿ ಮಾಡಬೇಡಿ. ನಾನು ಮಾಡಿ ಕೈ ಸುಟ್ಟುಕೊಂಡಿದ್ದೇನೆ. ಸೀರೆಯ ಸೆರಗಿನ ಅಂಚು 45-46 ಇಂಚು ಇರುತ್ತದೆ. ಅರ್ಧ ಇಂಚಿಗೊಂದು ಎಂದರೆ ತೊಂಬತ್ತು ಕುಚ್ಚು! ತೊಂಬತ್ತೂ ಒಂದೇ ಉದ್ದ, ಒಂದೇ ದಪ್ಪ ಇರಬೇಕು. ಮೂವತ್ತನೆಯದರ ಹೊತ್ತಿಗೆ ನನ್ನ ಕಡ್ಡಿಯ ಮೂತಿ ರೇಷ್ಮೆಯ ಎಳೆಗೆ ಸಿಕ್ಕಿ ಅಂಚು ಹರಿಯಿತು. ನಾದಿನಿಯ ನಿಶ್ಚಿತಾರ್ಥದ ಸೀರೆ ಅದು. ಹರಿದ ಕಡೆ ಮಣಿ ಜಾಸ್ತಿ ಹಾಕಿ ಮುಚ್ಚಿದೆ. ಇವತ್ತಿಗೂ ಅವಳು "ಇಲ್ಲಿ ಮಾತ್ರ ಡಿಸೈನ್ ಬೇರೆ ಮಾಡಿದ್ದೀರಲ್ಲ ಅತ್ತಿಗೆ, ಎಷ್ಟು ಚೆನ್ನಾಗಿದೆ" ಅನ್ನುತ್ತಾಳೆ. ನಾನು ಸುಮ್ಮನಿರುತ್ತೇನೆ.

ಹೇರ್‌ಬ್ಯಾಂಡು, ಟೋಪಿ ಆದಮೇಲೆ ಬನ್ನಿ. ಮೊದಲು ಯಾರೂ ಹೊಲಿಸದ ಬ್ಲೌಸ್ ಪೀಸಿನ ಅಂಚಿಗೆ ಹಾಕಿ ನೋಡಿ. ಅವು ಪ್ರತಿ ಮನೆಯಲ್ಲೂ ರಾಶಿ ಇರುತ್ತವೆ, ಅರಿಶಿನ ಕುಂಕುಮದ ಜತೆ ಬಂದವು. ಆಮೇಲೆ ಕಾಟನ್ ಸೀರೆ. ಮೈಸೂರು ಸಿಲ್ಕಿನಂಥ ಜಾರುವ, ತೆಳು ಬಟ್ಟೆ ಕೊನೆಗೆ. ದಾರ ಕೊಂಡ ದಿನವೇ ಒಂದು ತುಂಡನ್ನು ಒದ್ದೆ ಮಾಡಿ ಬಿಳಿ ಬಟ್ಟೆಯಲ್ಲಿ ಒತ್ತಿ ಹಿಡಿಯಿರಿ. ಬಣ್ಣ ಬಿಟ್ಟರೆ ಆ ದಾರ ಬೇಡ. ಕೆನೆ ಬಣ್ಣದ ಸೆರಗಿನ ಮೇಲೆ ಕೆಂಪು ಹರಿದರೆ ಡ್ರೈ ಕ್ಲೀನಿಂಗಿನವರೂ ಕೈ ಎತ್ತುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ಕುಚ್ಚು ಉಳಿದೆಲ್ಲವನ್ನೂ ಹಿಂದೆ ಹಾಕುತ್ತದೆ. ಅದರಿಂದ ದುಡ್ಡು ಬರುತ್ತದೆ. ಹೇರ್‌ಬ್ಯಾಂಡಿಗೆ ನಿಮ್ಮ ಮೂರ್ನಾಲ್ಕು ತಾಸಿನ ಕೂಲಿ ಯಾರೂ ಕೊಡುವುದಿಲ್ಲ, ಮದುವೆ ಸೀರೆಯ ಕುಚ್ಚಿಗೆ ಕೊಡುತ್ತಾರೆ. ಕ್ರೋಶಾದಿಂದ ಹೆಂಗಸರು ದುಡಿಯುವುದು ಹೊಸದಲ್ಲ. 1840ರ ದಶಕದ ಬರಗಾಲದಲ್ಲಿ ಐರ್ಲೆಂಡಿನ ಎಷ್ಟೋ ಮನೆಗಳಿಗೆ ಕ್ರೋಶಾ ಲೇಸು ಅನ್ನ ಹಾಕಿತು. ನಮ್ಮ ಪಕ್ಕದ ಆಂಧ್ರದಲ್ಲಿ ಗೋದಾವರಿ ತೀರದ ನರಸಾಪುರದ ಹೆಂಗಸರು ಇಂದಿಗೂ ಲೇಸು ಹೆಣೆದು ದೇಶವಿದೇಶಕ್ಕೆ ಕಳಿಸುತ್ತಾರೆ. ನಿಜವಾದ ಕ್ರೋಶಾವನ್ನು ಮಾಡುವ ಯಂತ್ರ ಕಾರ್ಖಾನೆಗಳಲ್ಲಿ ಇನ್ನೂ ಬಂದಿಲ್ಲ. ಸ್ವೆಟರ್ ಹೆಣೆಯುವ ಯಂತ್ರ ಇದೆ, ಕ್ರೋಶಾ ಮಾತ್ರ ಕೈಯಲ್ಲೇ ಆಗಬೇಕು. ಮಾಲ್‌ನಲ್ಲಿ ಬಹಳ ಅಗ್ಗಕ್ಕೆ ಕ್ರೋಶಾ ಟಾಪ್ ಕಂಡರೆ ಅದನ್ನು ಹಾಕಿದ ಕೈಗೆ ಎಷ್ಟು ಸಿಕ್ಕಿರಬಹುದು ಎಂದು ನನಗೆ ಯೋಚನೆಯಾಗುತ್ತದೆ.

ನೂಲು: ಕಾಟನ್, ಅಕ್ರಿಲಿಕ್, ಉಣ್ಣೆ

ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಅಕ್ರಿಲಿಕ್. ವರ್ಧಮಾನ್, ಓಸ್ವಾಲ್, ಗಂಗಾ, ಎಲ್ಲ ಲುಧಿಯಾನ ಕಡೆಯವು. ಅಗ್ಗ, ನೂರು ಬಣ್ಣ, ಒಗೆದರೆ ಬೇಗ ಒಣಗುತ್ತದೆ, ನುಸಿ ಹಿಡಿಯುವುದಿಲ್ಲ. ಬಿಸಿಲಲ್ಲಿ ಹಾಕಿಕೊಂಡರೆ ಬೆವರು ಹೀರುವುದಿಲ್ಲ, ಕಚಕಚ ಅನ್ನುತ್ತದೆ. ಇಸ್ತ್ರಿ ಇಡಲೇಬಾರದು.

ಕಾಟನ್ ಬೆವರು ಹೀರುತ್ತದೆ, ಸ್ಟಿಚ್ ಸ್ಪಷ್ಟ ಕಾಣುತ್ತದೆ, ಇಸ್ತ್ರಿಗೂ ಹೆದರುವುದಿಲ್ಲ. ಬಳ್ಳಾರಿ, ಕಲಬುರಗಿ, ರಾಯಚೂರಿನವರು ಬೇರೆ ಯೋಚನೆಯನ್ನೇ ಮಾಡಬೇಡಿ. ಆದರೆ ಭಾರ. ಕಾಟನ್‌ನ ಉದ್ದ ಮಫ್ಲರ್ ತನ್ನ ತೂಕಕ್ಕೆ ತಾನೇ ಜೋತು ಬೀಳುತ್ತದೆ. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ದಪ್ಪ ಕಾಟನ್ ಮೂರು ದಿನ ಒಣಗದೆ ಮುಗ್ಗಲು ವಾಸನೆ ಬರುತ್ತದೆ, ಅಲ್ಲಿಯವರು ತೆಳು ನೂಲು ಹಿಡಿಯಿರಿ. ಇನ್ನು ಅಸಲಿ ಉಣ್ಣೆ. ದುಬಾರಿ, ಆದರೆ ಸ್ವಲ್ಪ ಒದ್ದೆಯಾದರೂ ಬೆಚ್ಚಗಿಡುತ್ತದೆ. ಹಿಮ ಬೀಳುವ ಊರಿಗೆ ಕಳಿಸುವುದಕ್ಕೆ ಅದೇ ಸರಿ. ಬಿಸಿನೀರಲ್ಲಿ ಒಗೆದರೆ ಕುಗ್ಗಿ ಕಂಬಳಿಯ ಹಾಗೆ ಗಟ್ಟಿಯಾಗುತ್ತದೆ, ಅದನ್ನು ಪಾರ್ಸೆಲ್ ಜತೆ ಚೀಟಿಯಲ್ಲಿ ಬರೆದು ಕಳಿಸಿ.

ಮೊದಲ ಸಲಕ್ಕೆ ಕಪ್ಪು, ಕಡುನೀಲಿ ಬೇಡ. ರಾತ್ರಿ ಬಲ್ಬಿನ ಬೆಳಕಲ್ಲಿ ಕುಣಿಕೆ ಕಾಣುವುದೇ ಇಲ್ಲ. ವೆಲ್ವೆಟ್ ಥರದ ಬೂಸು ನೂಲೂ ಬೇಡ, ತಪ್ಪಿದರೆ ಬಿಚ್ಚಲು ಬರುವುದಿಲ್ಲ. ದೊಡ್ಡ ಕೆಲಸಕ್ಕೆ ಬೇಕಾದ ಉಂಡೆಗಳನ್ನೆಲ್ಲ ಒಂದೇ ಸಲ ತನ್ನಿ, ಲೇಬಲ್ಲಿನ ಲಾಟ್ ನಂಬರ್ ಒಂದೇ ಇರಲಿ. ಬೇರೆ ಲಾಟಿನ ಅದೇ ಬಣ್ಣ ಅಂಗಡಿಯಲ್ಲಿ ಒಂದೇ ಥರ ಕಾಣುತ್ತದೆ, ಬಿಸಿಲಿಗೆ ಬಂದಾಗ ಪಟ್ಟೆ ಎದ್ದು ಕಾಣುತ್ತದೆ. ಲಡಿಯಲ್ಲಿ ಸಿಕ್ಕಿದರೆ ಉಂಡೆ ಸುತ್ತಿಕೊಂಡೇ ಶುರು ಮಾಡಿ. ಬೆಂಗಳೂರಿನವರಾದರೆ ಚಿಕ್ಕಪೇಟೆ ಸುತ್ತಮುತ್ತ ಒಮ್ಮೆ ಅಲೆಯಿರಿ. ಮಣಿ, ಲೇಸು, ಕುಚ್ಚಿನ ದಾರಕ್ಕೆ ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್ ಇದೆ.

ಕಡ್ಡಿ ಮತ್ತು ಹೆಸರುಗಳ ಗೋಜಲು

ಹನ್ನೆರಡು ಕಡ್ಡಿಯ ಸೆಟ್ ನೋಡಿದರೆ ಆಸೆಯಾಗುತ್ತದೆ, ಗೊತ್ತು. ನನ್ನ ಸೆಟ್‌ನಲ್ಲಿ ಎರಡು ಬಿಟ್ಟು ಉಳಿದವು ಹೊಸದಾಗಿಯೇ ಇವೆ. 4 ಅಥವಾ 5 ಮಿ.ಮೀ.ನ ಒಂದು ಅಲ್ಯೂಮಿನಿಯಂ ಕಡ್ಡಿ ಸಾಕು, ಹಿಡಿಗೆ ರಬ್ಬರ್ ಇದ್ದರೆ ಬೆರಳು ನೋಯುವುದಿಲ್ಲ. ಬಿದಿರಿನದು ಹಗುರ, ಆದರೆ ಅಗ್ಗದ್ದಾದರೆ ಸಿಬಿರು ಎದ್ದು ನೂಲು ಹಿಡಿಯುತ್ತದೆ. ಯಾವ ನೂಲಿಗೆ ಯಾವ ಕಡ್ಡಿ ಎಂದು ನೂಲಿನ ಲೇಬಲ್ಲಿನಲ್ಲೇ ಬರೆದಿರುತ್ತದೆ. ಬಟ್ಟೆ ರಟ್ಟಿನ ಹಾಗಾದರೆ ಅರ್ಧ ಮಿ.ಮೀ. ದೊಡ್ಡ ಕಡ್ಡಿಗೆ ಹೋಗಿ.

ಕೊನೆಯದಾಗಿ ಒಂದು ಎಚ್ಚರಿಕೆ. ಅಮೆರಿಕದವರು ಸಿಂಗಲ್ ಕ್ರೋಶಾ ಅನ್ನುವುದನ್ನು ಬ್ರಿಟನ್ನಿನವರು ಡಬಲ್ ಕ್ರೋಶಾ ಅನ್ನುತ್ತಾರೆ. ಅಮೆರಿಕದವರ ಡಬಲ್ ಬ್ರಿಟನ್ನಿನವರಿಗೆ ಟ್ರೆಬಲ್. ನಾನು ಇಲ್ಲಿ ಹೇಳಿದ್ದೆಲ್ಲ ಅಮೆರಿಕದ ಹೆಸರುಗಳು, ಯೂಟ್ಯೂಬಲ್ಲಿ ಹೆಚ್ಚಾಗಿ ಸಿಗುವುದೂ ಅವೇ. ಆದರೆ ಹಳೆಯ ಬ್ರಿಟಿಷ್ ಪುಸ್ತಕ ನೋಡಿ ಕಲಿತ ಆಂಟಿ "ಡಬಲ್ ಹಾಕಮ್ಮ" ಅಂದರೆ ಅದು ನಿಮ್ಮ ಸಿಂಗಲ್ ಇರಬಹುದು. ಮೊಬೈಲ್ ನೋಡಿ ಒಂದು, ಪಕ್ಕದ ಮನೆಯವರು ಹೇಳಿದ್ದು ಇನ್ನೊಂದು ಸೇರಿಸಿ ನಾನು ಹಾಕಿದ ಹೇರ್‌ಬ್ಯಾಂಡ್ ಒಂದು ಕಡೆ ನಾಲ್ಕು ಬೆರಳು, ಇನ್ನೊಂದು ಕಡೆ ಎರಡು ಬೆರಳು ಅಗಲ ಬಂತು. ಹೆಸರು ಕೇಳಬೇಡಿ, "ಕಡ್ಡಿಗೆ ನೂಲು ಎಷ್ಟು ಸಲ ಸುತ್ತಲಿ?" ಎಂದು ಕೇಳಿ. ಕುಣಿಕೆಗೆ ಹೋಗುವ ಮೊದಲು ಸುತ್ತದಿದ್ದರೆ ಅಮೆರಿಕದ ಸಿಂಗಲ್, ಒಂದು ಸಲ ಸುತ್ತಿದರೆ ಹಾಫ್ ಡಬಲ್ ಅಥವಾ ಡಬಲ್. ಸುತ್ತಿದ ಮೇಲೆ ಮೂರೂ ಕುಣಿಕೆಯನ್ನು ಒಟ್ಟಿಗೆ ಎಳೆದರೆ ಹಾಫ್, ಎರಡೆರಡಾಗಿ ಎಳೆದರೆ ಡಬಲ್.

ಮುಗಿಸುವಾಗ ನೂಲನ್ನು ಗಿಡ್ಡಕ್ಕೆ ಕತ್ತರಿಸಬೇಡಿ. ಒಂದು ಗೇಣು ಬಿಟ್ಟು ಕತ್ತರಿಸಿ, ದಪ್ಪ ಕಣ್ಣಿನ ಸೂಜಿಗೆ ಪೋಣಿಸಿ, ಸ್ಟಿಚ್‌ಗಳ ಒಳಗೆ ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ಓಡಿಸಿ. ಗಂಟು ಒಂದರ ಮೇಲೆ ಭರವಸೆ ಇಟ್ಟರೆ ಎರಡನೇ ಒಗೆತಕ್ಕೆ ಬಿಚ್ಚಿಕೊಳ್ಳುತ್ತದೆ.